ಯಂತ್ರಕ್ಕೂ ಒಂದು ಒದ್ದೆ ಬಟ್ಟೆ

"ಊರಿನ ಗಾಳಿ ಬೋರ್ಡುಗಳೆಲ್ಲ ಕೆಂಪು, ನಿಮ್ಮ ಬೀದೀದೊಂದೇ ಹಸಿರು! ಅದ್ಹೇಗೆ ತಾತ?" ತಾತನ ಮನೆಯ ಮಹಡಿ ಮೇಲಿನ ಗಾಳಿ ಅಳೆಯುವ ಯಂತ್ರ ನೋಡಲು ಬಂದ ಮೆಕ್ಯಾನಿಕ್ ಮೆಟ್ಟಿಲು ಹತ್ತುತ್ತಲೇ ಕೇಳಿದ.

"ನಮ್ಮ ಬೀದಿ ಗಾಳಿನೇ ಒಳ್ಳೇದು ಕಣಪ್ಪ," ಎಂದರು ತಾತ, ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದವರು. ಅವರಿಗೆ ಉಬ್ಬಸ. ಈ ಯಂತ್ರ ಅಳೆದದ್ದನ್ನು ಬೀದಿ ಮೂಲೆಯ ಬೋರ್ಡು ತೋರಿಸುತ್ತದೆ. ಅದು ಹಸಿರಾದ ದಿನ ಮಾತ್ರ ಗೇಟು ದಾಟಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಅಂಥ ದಿನ ಬರುವಷ್ಟರಲ್ಲಿ ಕೇರಂ ಆಡುವ ಬೆರಳು ಮರಗಟ್ಟಿರುತ್ತಿತ್ತು. ಈ ವಾರ ಮಾತ್ರ ದಿನವೂ ಹಸಿರು. ತಾತ ಪಾರ್ಕಿನಲ್ಲಿ ಆಡಿದ್ದೇ ಆಡಿದ್ದು, ಗೆದ್ದದ್ದೇ ಗೆದ್ದದ್ದು. ಇವತ್ತು ಸಂಜೆ ಫೈನಲ್. ಇಷ್ಟು ಒಳ್ಳೆಯ ಗಾಳಿ ಕುಡಿದೂ ರಾತ್ರಿ ಎದೆ ಯಾಕೆ ಗೊರಗುಟ್ಟುತ್ತದೆ ಎಂಬುದೊಂದು ಮಾತ್ರ ಯಾರಿಗೂ ಅರ್ಥವಾಗಿರಲಿಲ್ಲ.

ಮೆಕ್ಯಾನಿಕ್ ಬಗ್ಗಿ ನೋಡಿ ಬೆಪ್ಪಾದ. ಗಾಳಿ ಎಳೆಯುವ ಕೊಳವೆಯ ಬಾಯಿಗೆ ಯಾರೋ ಒದ್ದೆ ಟವೆಲ್ಲು ಸುತ್ತಿ, ದಾರ ಬಿಗಿದಿದ್ದರು.

"ಏನ್ ತಾತ, ಆಟಕ್ಕೋಸ್ಕರ ಇಂಥಾ ಕಿತಾಪತಿನಾ?"

"ಅಯ್ಯೋ, ನಾನಲ್ಲಪ್ಪ! ಇವತ್ತು ನಿನ್ನ ಹಿಂದೆ ಹತ್ತಿದ್ದೇ ಹೆಚ್ಚು, ದಿನಾ ಈ ಮೆಟ್ಟಿಲು ಹತ್ತೋಕೆ ದಮ್ಮೆಲ್ಲಿದೆ ನಂಗೆ?"

"ಅವರನ್ನ ಯಾಕೆ ಬೈತೀಯ? ಕಟ್ಟಿದ್ದು ನಾನು," ಎಂದರು ಬಟ್ಟೆ ಒಣಹಾಕುತ್ತಿದ್ದ ಅಜ್ಜಿ. "ಪಾಪ, ಅದರ ಬಾಯೆಲ್ಲ ಮಸಿ. ಥೇಟ್ ಇವರ ಹಾಗೇ ಗೊರ್ ಅಂತಿತ್ತು. ಇವರ ಕಿಟಕಿಗೆ ಕಟ್ಟೋ ಹಾಗೆ ಹೋದ ವಾರ ಅದಕ್ಕೂ ಒಂದು ಒದ್ದೆ ಬಟ್ಟೆ ಕಟ್ಟಿ, ದಿನಾ ನೀರು ಚಿಮುಕಿಸ್ತಿದ್ದೆ. ನಿಮ್ಮ ಆಫೀಸಿನೋರು ತಿರುಗಿ ನೋಡಿದ್ರೆ ತಾನೇ!"

ಮೆಕ್ಯಾನಿಕ್ ನಗುತ್ತಲೇ ಟವೆಲ್ಲು ಬಿಚ್ಚಿದ. ಬೆಳ್ಳಗಿದ್ದದ್ದು ಬಾಣಲೆ ಒರೆಸಿದ ಬಟ್ಟೆಯಂತಾಗಿತ್ತು. ಸ್ವಲ್ಪ ಹೊತ್ತಿಗೆ ಬೀದಿ ಮೂಲೆಯ ಬೋರ್ಡು ಕೆಂಪಾಯಿತು. ಗಂಡನನ್ನು ವಾರವಿಡೀ ಹೊಗೆಗೆ ಕಳಿಸಿದವಳು ತಾನೇ ಎಂದು ಅಜ್ಜಿಗೆ ಆಗ ಹೊಳೆಯಿತು.

"ಇವತ್ತು ಆಚೆ ಹೋಗೋದು ಬೇಡ ರೀ," ಎಂದರು. ದನಿಯಲ್ಲಿ ಎಂದಿನ ಜೋರಿರಲಿಲ್ಲ.

ಫೈನಲ್ಲು ಕೈತಪ್ಪಿದ ತಾತ ಕೆಂಪು ಬೋರ್ಡನ್ನೇ ನೋಡಿದರು. "ಅಲ್ಲಪ್ಪ, ಈ ಯಂತ್ರಕ್ಕೆ ಒಂದು ವಾರ ಉಸಿರು ಕಟ್ಟಿದ್ದಕ್ಕೆ ನೀನು ಆಫೀಸಿಂದ ಓಡಿ ಬಂದೆ. ನಂಗೆ ಉಸಿರು ಕಟ್ಟಿ ವರ್ಷಗಳೇ ಆದ್ವು. ಅದಕ್ಕೆ ಯಾರನ್ನ ಕಳಿಸ್ತಾರೆ?"

ಉತ್ತರ ಹೇಳಲು ಮೆಕ್ಯಾನಿಕ್ ಬಾಯಿ ತೆರೆದ. ಮಾತಿಗೆ ಮೊದಲು ಕೆಮ್ಮು ಬಂತು. ಬಂದದ್ದು ನಿಲ್ಲಲೇ ಇಲ್ಲ.

ಅಜ್ಜಿ ಬಕೆಟ್ಟಿನಿಂದ ಇನ್ನೊಂದು ಟವೆಲ್ಲು ತೆಗೆದು ಹಿಂಡತೊಡಗಿದರು.