ರೂಬಾರ್ಬಿನ ಮೆಣಸ್ಕಾಯಿ

“ಇನ್ನೊಂದು ಸೌಟು ಹಾಕು ಮಾರಾಯ್ತಿ,” ಎಂದು ದಾಮೋದರ ಭಟ್ಟರು ಬಟ್ಟಲು ಮುಂದಕ್ಕೆ ತಳ್ಳಿದಾಗ ಸುಬ್ಬಲಕ್ಷ್ಮಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಮುಗಿದು ಐದು ತಿಂಗಳಾಗಿತ್ತು. ಅಂದಿನಿಂದ ಗಂಡನ ನಾಲಗೆಗೆ ಅನ್ನವೂ ಒಂದೇ, ಮಣ್ಣೂ ಒಂದೇ. ರುಚಿ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಕೈಚೆಲ್ಲಿದ್ದರು. ಹುಳಿಗಾದರೂ ನಾಲಗೆ ಏಳಲಿ ಎಂದು ಎರ್ನಾಕುಲಂ ಮಾರ್ಕೆಟ್ಟಿನ ಬಿಂಬುಳಿ, ಅಮಟೆ, ನೆಲ್ಲಿ ಎಲ್ಲವನ್ನೂ ಅವಳು ಬೇಯಿಸಿ ಹಾಕಿದ್ದಾಗಿತ್ತು. ಅವರು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದರು.

ಮೊನ್ನೆ ಪಕ್ಕದ ಫ್ಲ್ಯಾಟಿನ ಜೋಸೆಫ್, ಲಂಡನ್ನಿನಿಂದ ಬಂದ ಮಗಳು ತಂದ ರೂಬಾರ್ಬ್ ದಂಟಿನ ಕಟ್ಟೊಂದನ್ನು ಕೊಟ್ಟಿದ್ದರು. ಕೆಂಪು ದಂಟು, ಮಹಾ ಹುಳಿಯಂತೆ. ಅಲ್ಲಿ ಸಕ್ಕರೆ ಸುರಿದು ಸಿಹಿ ಮಾಡುತ್ತಾರಂತೆ, ಮಾಡಿಕೊಳ್ಳಲಿ ಪಾಪ. ಸುಬ್ಬಲಕ್ಷ್ಮಿ ಒಂದು ದಿನ ಚಟ್ನಿ ಅರೆದಳು, ಮರುದಿನ ಮಜ್ಜಿಗೆ ಸೇರಿಸಿ ತಂಬುಳಿ ಮಾಡಿದಳು. ಎರಡೂ ಹಾಗೇ ಉಳಿದವು. ಇವತ್ತು ಉಳಿದ ದಂಟಿಗೆ ಎಳ್ಳು, ಕಾಯಿ ಅರೆದು, ಹುಳಿಗೆ ಸರಿಯಾಗಿ ಬೆಲ್ಲ ಬೀಳಬೇಕಾದ ಮೆಣಸ್ಕಾಯಿ ಗೊಜ್ಜು ಮಾಡಿದ್ದಳು.

“ರುಚಿ ಗೊತ್ತಾಗ್ತದಾ ನಿಮಗೆ?”

“ಗೊತ್ತಾಗದೆ ಮತ್ತೆ ಕೇಳ್ತೇನಾ? ಉಪ್ಪು, ಹುಳಿ ಎಲ್ಲ ಹದವಾಗಿ ಉಂಟು.”

ಅವಳಿಗೆ ಸಂತೋಷಕ್ಕೆ ಅಳುವೇ ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಿರುವನಂತಪುರದಲ್ಲಿದ್ದ ಮಗಳು ಪಾವನಾಳಿಗೆ ಫೋನು ಮಾಡಿದಳು. “ಅಪ್ಪನಿಗೆ ರುಚಿ ಬಂತು ಮಗಾ.”

“ಸತ್ಯಮಾಣೋ ಅಮ್ಮಾ?” ಎಂದು ಮಗಳು ಮಲಯಾಳದಲ್ಲೇ ಕೇಳಿ, ಆಮೇಲೆ ಅತ್ತಳು. ಶನಿವಾರ ಬರುತ್ತೇನೆ ಎಂದಳು.

ಫೋನಿಟ್ಟು ಸುಬ್ಬಲಕ್ಷ್ಮಿ ಊಟಕ್ಕೆ ಕೂತಳು. ಅಡುಗೆ ಮಾಡುವಾಗ ರುಚಿ ನೋಡುವ ಪದ್ಧತಿ ಅವರ ಮನೆಯಲ್ಲಿಲ್ಲ. ದೇವರಿಗಿಟ್ಟ ಮೇಲೆಯೇ ನಾಲಗೆಗೆ. ಕಣ್ಣಳತೆ, ಕೈಯಳತೆಯಲ್ಲೇ ನಲವತ್ತು ವರ್ಷ ನಡೆದಿತ್ತು. ಮೊದಲ ತುತ್ತಿಗೇ ಅವಳ ಹಲ್ಲು ಚಳಿತು ಹೋಯಿತು. ಉಪ್ಪಿಲ್ಲ. ಬೆಲ್ಲದ ಸುಳಿವಿಲ್ಲ. ಮಸಾಲೆ ಕುದಿಯುವಾಗಲೇ ಜೋಸೆಫ್ ಬಾಗಿಲು ಬಡಿದದ್ದು, ಮಾತಾಡಿ ಬಂದು ತಾನು ನೇರ ಒಗ್ಗರಣೆ ಹಾಕಿದ್ದು ನೆನಪಾಯಿತು. ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ತಲೆ ಎತ್ತಿದರೆ ಭಟ್ಟರು ಕೈ ತೊಳೆದು ಬಂದು ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಅವಳ ಮುಖವನ್ನೇ ನೋಡುತ್ತಿದ್ದರು.

“ಬೆಲ್ಲ ಒಂಚೂರು ಜಾಸ್ತಿ ಆಯ್ತು, ಅಲ್ವಾ?” ಎಂದರು.

ಸುಬ್ಬಲಕ್ಷ್ಮಿ ತುತ್ತು ನುಂಗಿದಳು.

“ಹೌದು,” ಎಂದಳು. “ಇನ್ನೊಮ್ಮೆ ಮಾಡುವಾಗ ಕಡಿಮೆ ಹಾಕ್ತೇನೆ.”