ಕ್ಷಮೆ ಕೇಳುವ ಪಾಠ

ಗಿರಾಕಿಯ ಇಂಗ್ಲಿಷ್ ತಿಳಿಯಲಿಲ್ಲವೆಂದು ಲಾಡ್ಜಿನ ಮ್ಯಾನೇಜರ್ ಕಸ ಗುಡಿಸುವ ಕಾಶವ್ವನ ಕೆನ್ನೆಗೆ ಎಲ್ಲರೆದುರು ಹೊಡೆದ.

ಯಾರೂ ಕ್ಷಮೆ ಕೇಳಲಿಲ್ಲ. ಬದಲಿಗೆ, ಕಸ ಗುಡಿಸುವವರಿಗೆಲ್ಲ ಇಂಗ್ಲಿಷ್ ಸಂಭಾಷಣೆಯ ತರಗತಿ ಶುರುವಾಯಿತು. ಪುಸ್ತಕದ ಕ್ರಮ ಒಂದೇ: ಗಿರಾಕಿ ದೂರಬೇಕು, ಕೆಲಸದವರು ‘ಸಾರಿ ಸರ್’ ಅನ್ನಬೇಕು, ಗಿರಾಕಿ ‘ಇಟ್ಸ್ ಓಕೆ’ ಅಂದರೆ ಮಾತು ಮುಗಿಯಿತು. ದಿನವೂ ಗಿರಾಕಿಯ ಪಾತ್ರ ಮ್ಯಾನೇಜರನದೇ. ಸಾರಿ ಹೇಳಿ ಹೇಳಿ ಕಾಶವ್ವನ ನಾಲಿಗೆ ಸವೆದಿತ್ತು.

“ಟೀಚರ್, ಒಂದ್ ಸಲ ನಾನೂ ಗಿರಾಕಿ ಆಗ್ಲೇನ್ರೀ?”

“ಆಗ್ರಿ ಕಾಶವ್ವಾ, ಪಾತ್ರ ಬದಲಾದ್ರನ ಭಾಷಾ ಬರೋದು.”

ಕಾಶವ್ವ ಮ್ಯಾನೇಜರನನ್ನೇ ದಿಟ್ಟಿಸಿದಳು. “ಸರ್, ಯೂ ಸ್ಲ್ಯಾಪ್ ಮೀ. ವೈ?”

“ಭೇಷ್! ಈಗ ನಿಮ್ಮ ಪಾಳಿ ಸರ್, ಸಾರಿ ಅನ್ರೀ,” ಎಂದರು ಹಿಂದಿನದೇನೂ ತಿಳಿಯದ ಟೀಚರ್.

“ಇದು ಪುಸ್ತಕದಾಗ ಇಲ್ಲ. ನಾ ಅನ್ನಂಗಿಲ್ಲ!” ಎಂದು ಮ್ಯಾನೇಜರ್ ಎದ್ದು ನಿಂತ.