ಮೂರನೆಯ ಪದ್ಯಕ್ಕೆ ಬಂದ ಆಕಳಿಕೆ

ಗಮಕ ಸ್ಪರ್ಧೆಯ ವೇದಿಕೆಯಲ್ಲಿ ಒಂಬತ್ತನೆಯ ತರಗತಿಯ ಸುಮೇಧಾ ಎರಡು ಷಟ್ಪದಿಗಳನ್ನು ಸೊಗಸಾಗಿ ಹಾಡಿ, ಮೂರನೆಯದಕ್ಕೆ ಬಾಯಿ ತೆರೆದಳು. ಬಂದದ್ದು ಆಕಳಿಕೆ. ಪದ್ಯ ಬರಲೇ ಇಲ್ಲ.

ಕೆಳಗಿಳಿದು ಬಂದವಳ ಮೇಲೆ ಅಪ್ಪ ಶೇಷಗಿರಿರಾಯರು ಹರಿಹಾಯ್ದರು. "ದಿನಾ ಬ್ರಾಹ್ಮೀ ಮುಹೂರ್ತದಲ್ಲಿ ಎಬ್ಬಿಸಿ ಬಾಯಿಪಾಠ ಮಾಡಿಸಿದ್ದೀನಿ. ಎಲ್ಲಿ ಹೋಯ್ತೇ ಅದೆಲ್ಲ?"

"ಟ್ಯೂಷನ್ ಲೆಕ್ಕ ಎಲ್ಲ ಮುಗಿಸಿ ಮಲಗೋದೇ ಲೇಟು ಅಪ್ಪ. ಬೆಳಗ್ಗೆ ನೀವು ಹೇಳ್ಕೊಟ್ಟಿದ್ದು ಕನಸೋ ನಿಜವೋ ಅಂತ್ಲೇ ಗೊತ್ತಾಗಲ್ಲ."

"ಸರಸ್ವತಿ ಸಂಚಾರಕ್ಕೆ ಬರೋ ಹೊತ್ತು ಕಣೇ ಅದು! ಮಲಗಿರೋರ ಮನೆಗೆ ಅವಳು ಕಾಲಿಡ್ತಾಳಾ?"

ಪಕ್ಕದಲ್ಲೇ ಇದ್ದ ತೀರ್ಪುಗಾರರೊಬ್ಬರು, ವಯಸ್ಸಾದ ಗಮಕಿಗಳು, ನಕ್ಕರು. "ಬರ್ತಾಳೆ ರಾಯರೇ. ಬಂದವಳು ನೆಲೆಯಾಗಿ ಕೂರೋದು ಮಾತ್ರ ಮಗು ಮಲಗಿದ ಮೇಲೇನೇ. ಈ ವಯಸ್ಸಲ್ಲಿ ಕಲಿತಿದ್ದು ಗಟ್ಟಿಯಾಗೋದು ನಿದ್ದೇಲಿ. ಮುಂದಿನ ತಿಂಗಳು ಇವಳಿಗೆ ಇನ್ನೊಂದು ಅವಕಾಶ ಕೊಡ್ತೀನಿ. ಅಲ್ಲೀವರೆಗೆ ಚೆನ್ನಾಗಿ ನಿದ್ದೆ ಮಾಡಿಸಿ."

ಹಿರಿಯರ ಮಾತನ್ನು ರಾಯರು ಎಂದೂ ಮೀರಿದವರಲ್ಲ. ಹಿಡಿದ ಕೆಲಸವನ್ನು ಶಾಸ್ತ್ರೋಕ್ತವಾಗಿ ಮಾಡಿಸದೆ ಬಿಟ್ಟವರೂ ಅಲ್ಲ. ಕೈಮುಗಿದು ಒಪ್ಪಿಕೊಂಡರು. ಅಂದು ಟ್ಯೂಷನ್ನಿಗೂ ರಜೆ ಕೊಡಿಸಿದರು. ಸುಮೇಧಾ ಬೇಗ ಊಟ ಮಾಡಿ, ಪುಸ್ತಕ ಮುಟ್ಟದೆ, ಎಷ್ಟೋ ತಿಂಗಳ ಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.

ಕೋಳಿ ಕೂಗುವ ಮೊದಲೇ ಯಾರೋ ಭುಜ ಹಿಡಿದು ಅಲುಗಿಸಿದಂತಾಯಿತು. ಕಣ್ಣು ಬಿಟ್ಟರೆ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ನಿಂತ ಅಪ್ಪ.

"ಏಳಮ್ಮಾ, ಬ್ರಾಹ್ಮೀ ಮುಹೂರ್ತ ಬಂತು! ಎದ್ದು ಕೈಕಾಲು ತೊಳ್ಕೊಂಡು, ದೇವರಿಗೆ ನಮಸ್ಕಾರ ಮಾಡಿ, ಶ್ರದ್ಧೆಯಿಂದ ನಿದ್ದೆ ಮಾಡು."